ಬಿಪಿ ಮಾತ್ರೆಯೂ ಆಂಟಿ ಆಕ್ಸಿಡೆಂಟ್ ಬಾಟಲಿಯೂ

ಶರೀರವು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್ತು ಎಂಬ ವಿಷಯದ ಖುತ್ಬಾ ಸಾರಾಂಶ ಈ ಪುಟಗಳಲ್ಲಿ ಬಂದ ಮೇಲೆ ಹಿರಿಯ ಓದುಗರು ನಮ್ಮಲ್ಲಿ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. "ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದೇನೆ. ಈಗ ಮಗ ಗಲ್ಫಿನಿಂದ ಆಂಟಿ ಆಕ್ಸಿಡೆಂಟ್ ಕ್ಯಾಪ್ಸೂಲಿನ ಬಾಟಲಿ ಕಳಿಸಿದ್ದಾನೆ. ರಕ್ತನಾಳದ ತುಕ್ಕು ತೆಗೆಯುತ್ತದಂತೆ. ಇದನ್ನು ಶುರು ಮಾಡಿದರೆ ಮಾತ್ರೆ ಬಿಡಬಹುದೇ?" ಇನ್ನು ಕೆಲವರು ಕೇಳುವುದಿಲ್ಲ, ಬಿಟ್ಟೇ ಬಿಡುತ್ತಾರೆ. ಬಿಟ್ಟ ಮೊದಲ ವಾರ, ಮೊದಲ ತಿಂಗಳು ಏನೂ ಆಗುವುದಿಲ್ಲ. ಬಿಪಿ ನೋವು ಕೊಡುವ ರೋಗವಲ್ಲ. ಹಾಗಾಗಿ ಬಾಟಲಿಯೇ ಕೆಲಸ ಮಾಡುತ್ತಿದೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಒಂದು ದಿನ ಫಜ್ರ್‌ಗೆ ಎದ್ದಾಗ ಒಂದು ಕೈ ಮೇಲೆತ್ತಲು ಬರುವುದಿಲ್ಲ, ಬಾಯಿ ಒಂದು ಕಡೆಗೆ ವಾಲಿರುತ್ತದೆ.

ಪ್ರಶ್ನೆ ಗಂಭೀರವಾದದ್ದು. ಅದರಲ್ಲಿ ಅರ್ಧ ಸತ್ಯವೂ ಇದೆ. ರಕ್ತನಾಳದ ಒಳಗೆ ತುಕ್ಕಿನಂಥದ್ದೊಂದು ನಡೆಯುವುದು ನಿಜ. ವೈದ್ಯರು ಅದನ್ನು ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿ ಇರುವವರಲ್ಲಿ, ಅದು ಹೆಚ್ಚು. ಆದರೆ ಅದನ್ನು ತಗ್ಗಿಸುವ ಕೆಲಸ ಬಾಟಲಿಯದ್ದೋ ಮಾತ್ರೆಯದ್ದೋ ಎಂಬಲ್ಲಿ ಜನರ ಲೆಕ್ಕ ತಪ್ಪುತ್ತಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳೋಣ.

ನಾಳದ ಒಳಪದರ

ನಮ್ಮ ರಕ್ತನಾಳವು ಬರೀ ರಬ್ಬರ್ ಕೊಳವೆಯಲ್ಲ. ಅದರ ಒಳಗೋಡೆಗೆ ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿನ ಪದರವಿದೆ. ರಕ್ತ ನೇರವಾಗಿ ತಾಗುವುದು ಆ ಪದರಕ್ಕೆ. ಬಹಳ ಕಾಲ ಇದನ್ನು ಗೋಡೆಗೆ ಬಳಿದ ಸುಣ್ಣದ ಹಾಗೆ, ಸುಮ್ಮನೆ ಇರುವ ಹೊದಿಕೆ ಎಂದೇ ತಿಳಿದಿದ್ದರು. 1980ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ರಕ್ತನಾಳದ ತುಂಡುಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಒಳಪದರ ಹಾಗೇ ಉಳಿದಿದ್ದ ತುಂಡಿಗೆ ಒಂದು ರಾಸಾಯನಿಕ ಹಾಕಿದರೆ ಅದು ಸಡಿಲಗೊಳ್ಳುತ್ತಿತ್ತು. ಒಳಪದರ ಉಜ್ಜಿ ಹೋಗಿದ್ದ ತುಂಡಿಗೆ ಅದೇ ರಾಸಾಯನಿಕ ಹಾಕಿದರೆ ಸಡಿಲಗೊಳ್ಳುತ್ತಿರಲಿಲ್ಲ. ಅಂದರೆ ನಾಳಕ್ಕೆ 'ಸಡಿಲವಾಗು' ಎಂದು ಹೇಳುವ ಏನೋ ಒಂದು ಆ ತೆಳು ಪದರದಿಂದ ಹೊರಡುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. ಈ ಸಂಶೋಧನೆಗಾಗಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ ಮತ್ತು ಫೆರಿಡ್ ಮುರಾದ್ ಅವರಿಗೆ 1998ರ ನೊಬೆಲ್ ಬಹುಮಾನ ಬಂತು.

ಈ ಅನಿಲದ ಆಯುಷ್ಯ ಕೆಲವೇ ಕ್ಷಣ. ಹುಟ್ಟುತ್ತದೆ, ಪಕ್ಕದ ಸ್ನಾಯುವಿಗೆ ಹೇಳಬೇಕಾದ್ದನ್ನು ಹೇಳುತ್ತದೆ, ಮುಗಿದುಹೋಗುತ್ತದೆ. ಹಾಗಾಗಿ ಒಳಪದರವು ಅದನ್ನು ಹಗಲೂ ರಾತ್ರಿ ತಯಾರಿಸುತ್ತಲೇ ಇರಬೇಕು. ತಯಾರಿ ಸರಿಯಿದ್ದರೆ ನಾಳ ಮೆತ್ತಗಿರುತ್ತದೆ, ರಕ್ತ ಸಲೀಸಾಗಿ ಹರಿಯುತ್ತದೆ. ಕಡಿಮೆಯಾದರೆ ನಾಳ ಬಿಗಿಯುತ್ತದೆ, ಹೃದಯ ಹೆಚ್ಚು ಒತ್ತಿ ನೂಕಬೇಕಾಗುತ್ತದೆ. ಬಿಪಿ ಏರುವ ದಾರಿಗಳಲ್ಲಿ ಇದೊಂದು ಮುಖ್ಯ ದಾರಿ.

ಈಗ ತುಕ್ಕಿನ ವಿಷಯ. ನಾವು ಉಸಿರಾಡುವ ಆಮ್ಲಜನಕದಿಂದಲೇ ಶರೀರದೊಳಗೆ ಕೆಲವು ಕಿಡಿಗೇಡಿ ಕಣಗಳು ಹುಟ್ಟುತ್ತವೆ. ಫ್ರೀ ರ್‍ಯಾಡಿಕಲ್ ಎಂಬ ಹೆಸರು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅವುಗಳಲ್ಲಿ ಸೂಪರ್ ಆಕ್ಸೈಡ್ ಎಂಬುದು ನಮ್ಮ ಈ ಕಥೆಯ ಮುಖ್ಯ ಪಾತ್ರ. ಇದಕ್ಕೆ ನೈಟ್ರಿಕ್ ಆಕ್ಸೈಡ್ ಸಿಕ್ಕಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದನ್ನು ಹಿಡಿದು ಇನ್ನೊಂದು ಕೆಟ್ಟ ವಸ್ತುವಾಗಿ ಮಾರ್ಪಡಿಸುತ್ತದೆ. ಸಂದೇಶ ತರುವವನನ್ನು ದಾರಿಯಲ್ಲೇ ತಡೆದ ಹಾಗೆ. ನಾಳಕ್ಕೆ 'ಸಡಿಲವಾಗು' ಎಂಬ ಮಾತು ತಲುಪುವುದೇ ಇಲ್ಲ. ಇಷ್ಟೇ ಆದರೆ ಪರವಾಗಿರಲಿಲ್ಲ. ಈ ಕಣಗಳು ಹೆಚ್ಚಾದಾಗ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಾರ್ಖಾನೆಯೇ ಕೆಡುತ್ತದೆ. ಕೆಟ್ಟ ಕಾರ್ಖಾನೆ ನೈಟ್ರಿಕ್ ಆಕ್ಸೈಡಿನ ಬದಲು ತಾನೇ ಸೂಪರ್ ಆಕ್ಸೈಡ್ ಉಗುಳಲು ತೊಡಗುತ್ತದೆ.

ಈ ಕಣಗಳು ಪೂರ್ತಿ ಶತ್ರುಗಳೂ ಅಲ್ಲ. ರೋಗಾಣುಗಳನ್ನು ಕೊಲ್ಲಲು ನಮ್ಮ ಬಿಳಿ ರಕ್ತಕಣಗಳು ಇವನ್ನೇ ಆಯುಧವಾಗಿ ಬಳಸುತ್ತವೆ. ಜೀವಕೋಶಗಳು ಒಂದಕ್ಕೊಂದು ಸೂಚನೆ ಕೊಡಲೂ ಇವು ಬೇಕು. ಮಿತಿಯಲ್ಲಿದ್ದರೆ ಕೆಲಸದವರು, ಮಿತಿ ಮೀರಿದರೆ ಲೂಟಿಕೋರರು. ಮಿತಿ ಮೀರಿದ ಸ್ಥಿತಿಯ ಹೆಸರೇ ಆಕ್ಸಿಡೇಟಿವ್ ಸ್ಟ್ರೆಸ್. ಮನಸ್ಸಿನ ಟೆನ್ಶನ್‌ಗೂ ಇದಕ್ಕೂ ಹೆಸರಿನ ಸಾಮ್ಯ ಮಾತ್ರ.

ವಯಸ್ಸಾದಂತೆ ಇದು ಏಕೆ ಏರುತ್ತದೆ? ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾ ಹಳತಾದ ಒಲೆಯಂತಾಗುತ್ತದೆ, ಹೆಚ್ಚು ಹೊಗೆ ಬಿಡುತ್ತದೆ. ಶರೀರದ ಸ್ವಂತ ರಕ್ಷಣಾ ವ್ಯವಸ್ಥೆ ನಿಧಾನವಾಗುತ್ತದೆ. ನಾಳದ ಗೋಡೆ ಗಡುಸಾಗುತ್ತದೆ. ಅರುವತ್ತು ದಾಟಿದವರಲ್ಲಿ ಬಿಪಿಯ ಮೇಲಿನ ಸಂಖ್ಯೆ 160, 170 ಇದ್ದು ಕೆಳಗಿನದು 80 ಅಥವಾ 70 ಇರುವುದನ್ನು ನೋಡಿರಬಹುದು. ಗಡುಸಾದ ನಾಳದ ಗುರುತು ಅದು. 'ಕೆಳಗಿನದು ಸರಿಯಿದೆಯಲ್ಲ' ಎಂದು ಸಮಾಧಾನಪಡುವವರಿದ್ದಾರೆ. ಆ ಸಮಾಧಾನಕ್ಕೆ ಆಧಾರವಿಲ್ಲ, ಹಿರಿಯರಲ್ಲಿ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚು ಹೇಳುವುದು ಮೇಲಿನ ಸಂಖ್ಯೆಯೇ. ಇದರ ಮೇಲೆ ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಸೇರಿದರೆ ಆ ಕಣಗಳ ಸಂಖ್ಯೆ ಇನ್ನೂ ಏರುತ್ತದೆ. ಏರಿದ ಒತ್ತಡವೇ ನಾಳದ ಗೋಡೆಯನ್ನು ಹಿಗ್ಗಿಸಿ ಮತ್ತಷ್ಟು ಕಣಗಳನ್ನು ಹುಟ್ಟಿಸುತ್ತದೆ. ಆ ಕಣಗಳು ಒತ್ತಡವನ್ನು ಏರಿಸುತ್ತವೆ. ಗಾಣದ ಎತ್ತಿನ ಸುತ್ತು.

ಮಾತ್ರೆ ಎಲ್ಲಿ ಹಿಡಿಯುತ್ತದೆ?

ಈ ಸುತ್ತಿಗೆ ನೂಕು ಕೊಡುವ ಒಂದು ಹಾರ್ಮೋನು ಆಂಜಿಯೋಟೆನ್ಸಿನ್-2. ಅದು ನಾಳವನ್ನು ಬಿಗಿಯುತ್ತದೆ, ಉಪ್ಪು ನೀರನ್ನು ಶರೀರದಲ್ಲಿ ಹಿಡಿದಿಡುತ್ತದೆ ಎಂಬುದು ಹಿಂದಿನಿಂದ ಗೊತ್ತಿತ್ತು. 1994ರಲ್ಲಿ ಕ್ಯಾಥಿ ಗ್ರೀಂಡ್ಲಿಂಗ್ ಮತ್ತು ಅವರ ಸಂಗಡಿಗರು ಅದರ ಇನ್ನೊಂದು ಕೆಲಸವನ್ನು ತೋರಿಸಿದರು. ನಾಳದ ಸ್ನಾಯುಕೋಶದಲ್ಲಿ ಸೂಪರ್ ಆಕ್ಸೈಡ್ ತಯಾರಿಸುವ ಒಂದು ಯಂತ್ರವಿದೆ, ಆಂಜಿಯೋಟೆನ್ಸಿನ್-2 ಆ ಯಂತ್ರದ ಗುಂಡಿ ಒತ್ತುತ್ತದೆ. ಬಿಪಿಗೂ ಆ ತುಕ್ಕಿಗೂ ನಡುವೆ ಇದ್ದ ಮುಖ್ಯ ಕೊಂಡಿಯೊಂದು ಹೀಗೆ ಸಿಕ್ಕಿತು.

ನಿಮ್ಮ ಮಾತ್ರೆಯ ಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಕಂಪೆನಿ ಇಟ್ಟ ದೊಡ್ಡ ಹೆಸರಲ್ಲ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿರುವ ಹೆಸರು. ಅದು 'ಪ್ರಿಲ್' ಎಂದು ಮುಗಿದರೆ, ಉದಾಹರಣೆಗೆ ಎನಾಲಾಪ್ರಿಲ್, ರಾಮಿಪ್ರಿಲ್, ಆ ಮಾತ್ರೆ ಆಂಜಿಯೋಟೆನ್ಸಿನ್-2 ತಯಾರಾಗುವುದನ್ನೇ ತಡೆಯುತ್ತದೆ. 'ಸಾರ್ಟನ್' ಎಂದು ಮುಗಿದರೆ, ಟೆಲ್ಮಿಸಾರ್ಟನ್, ಲೊಸಾರ್ಟನ್, ತಯಾರಾದ ಹಾರ್ಮೋನು ಹೋಗಿ ಕೂರುವ ಜಾಗವನ್ನು ಮುಚ್ಚುತ್ತದೆ. ಎರಡರಲ್ಲೂ ಆ ಯಂತ್ರದ ಗುಂಡಿ ಒತ್ತುವ ಕೈ ಹಿಂದೆ ಸರಿಯುತ್ತದೆ. 'ಡಿಪಿನ್' ಎಂದು ಮುಗಿಯುವ ಅಮ್ಲೋಡಿಪಿನ್ ಬೇರೆ ದಾರಿಯಿಂದ ನಾಳವನ್ನು ಸಡಿಲಿಸುತ್ತದೆ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್ ಇವು ಮೂತ್ರದ ಮೂಲಕ ಉಪ್ಪನ್ನು ಹೊರಹಾಕುವ, ಜನ ನೀರಿನ ಮಾತ್ರೆ ಎನ್ನುವ ಜಾತಿ. (ಪ್ರಿಲ್ ಜಾತಿಯ ಮೊದಲ ಮಾತ್ರೆ ಕ್ಯಾಪ್ಟೋಪ್ರಿಲ್ ಹುಟ್ಟಿದ್ದಕ್ಕೆ ಕಾರಣ ಬ್ರೆಜಿಲ್‌ನ ಒಂದು ಮಂಡಲದ ಹಾವಿನ ವಿಷದ ಅಧ್ಯಯನ. ವಿಷದಿಂದ ಔಷಧ ಹೊರಟ ಕಥೆ ಅದು, ಇನ್ನೊಮ್ಮೆ ಬರೆಯುತ್ತೇವೆ.)

ಪ್ರಿಲ್, ಸಾರ್ಟನ್ ಮಾತ್ರೆ ತೆಗೆದುಕೊಳ್ಳುವವರ ರಕ್ತ ಮತ್ತು ಮೂತ್ರದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್‌ನ ಕುರುಹುಗಳು ಇಳಿದದ್ದನ್ನು ಹಲವು ಚಿಕ್ಕ ಅಧ್ಯಯನಗಳು ಕಂಡಿವೆ. ಹಾಗಾದರೆ ಒಂದು ಕುತೂಹಲದ ಪ್ರಶ್ನೆ ಏಳುತ್ತದೆ. ಕಣಗಳನ್ನು ನೇರವಾಗಿ ಹೀರುವ ವಿಟಮಿನ್ನೇ ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ? ಮಾತ್ರೆ ಬೇಕೇಕೆ?

ಇದನ್ನು ಊಹೆಗೆ ಬಿಡದೆ ಸಾವಿರಾರು ಜನರ ಮೇಲೆ ಪರೀಕ್ಷಿಸಿದವರಲ್ಲಿ ಒಬ್ಬರು ಡಾ. ಸಲೀಂ ಯೂಸುಫ್. ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ, ಕೊನೆಗೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ಹೃದ್ರೋಗ ತಜ್ಞ. ಅವರ ನೇತೃತ್ವದ 'ಹೋಪ್' ಎಂಬ ಅಧ್ಯಯನ 19 ದೇಶಗಳಲ್ಲಿ ನಡೆಯಿತು. ಸೇರಿಸಿಕೊಂಡವರೆಲ್ಲ 55 ದಾಟಿದವರು, ಹೃದಯ ಅಥವಾ ರಕ್ತನಾಳದ ತೊಂದರೆ ಇದ್ದವರು, ಇಲ್ಲವೇ ಸಕ್ಕರೆ ಕಾಯಿಲೆಯೊಂದಿಗೆ ಇನ್ನೊಂದು ಅಪಾಯ ಇದ್ದವರು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬಿಪಿ ಇತ್ತು.

ಈ ಅಧ್ಯಯನದ ಚೆಲುವು ಅದರ ಏರ್ಪಾಡಿನಲ್ಲಿದೆ. ಒಂದೇ ಜನಸಮೂಹದ ಮೇಲೆ ಎರಡು ಪರೀಕ್ಷೆ ಒಟ್ಟಿಗೆ ನಡೆದವು. ಚೀಟಿ ಎತ್ತಿದ ಹಾಗೆ ಕೆಲವರಿಗೆ ರಾಮಿಪ್ರಿಲ್, ಕೆಲವರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಅದರ ಜೊತೆಗೆ ಇನ್ನೊಂದು ಚೀಟಿ: ಕೆಲವರಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ಕೆಲವರಿಗೆ ಖಾಲಿ ಕ್ಯಾಪ್ಸೂಲ್. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಕೊಡುವ ವೈದ್ಯರಿಗೂ ಗೊತ್ತಿಲ್ಲ. ಆಗ ವಿಟಮಿನ್ ಇ ಬಗ್ಗೆ ಜಗತ್ತಿನಲ್ಲೆಲ್ಲ ದೊಡ್ಡ ಆಸೆಯಿತ್ತು.

2000ದಲ್ಲಿ ಫಲಿತಾಂಶ ಪ್ರಕಟವಾಯಿತು. ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು ಐದು ವರ್ಷದೊಳಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಮತ್ತು ರಕ್ತನಾಳದ ಕಾರಣಕ್ಕೆ ಸಾವು ಕಂಡವರು ಶೇಕಡಾ 17.8. ರಾಮಿಪ್ರಿಲ್ ತೆಗೆದುಕೊಂಡವರಲ್ಲಿ ಶೇಕಡಾ 14. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ವಿಟಮಿನ್ ಇ ತೆಗೆದುಕೊಂಡವರಲ್ಲಿ ಶೇಕಡಾ 16.2, ಅದರ ಖಾಲಿ ಕ್ಯಾಪ್ಸೂಲ್ ತೆಗೆದುಕೊಂಡವರಲ್ಲಿ 15.5. ಅಂದರೆ ವಿಟಮಿನ್ನಿನಿಂದ ಲಾಭವೇ ಇಲ್ಲ. ಇನ್ನಷ್ಟು ವರ್ಷ ಅದೇ ಜನರನ್ನು ಗಮನಿಸಿ 2005ರಲ್ಲಿ ಮತ್ತೆ ಪ್ರಕಟಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ವಿಟಮಿನ್ ಇ ತೆಗೆದುಕೊಂಡವರಲ್ಲಿ ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸೋಲುವುದು, ಸ್ವಲ್ಪ ಹೆಚ್ಚೇ ಇತ್ತು.

ಒಂದೇ ಅಧ್ಯಯನವನ್ನು ನಂಬಬೇಕೇ ಎಂದು ಕೇಳುವವರಿಗೆ: ಬ್ರಿಟನ್ನಿನಲ್ಲಿ 20,536 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಟಮಿನ್ ಇ, ವಿಟಮಿನ್ ಸಿ, ಬೀಟಾ ಕೆರೋಟಿನ್ ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಅಲ್ಲಿಯೂ ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದೂ ಕಡಿಮೆಯಾಗಲಿಲ್ಲ.

ಏಕೆ ಹೀಗೆ? ಅಡುಗೆಮನೆ ತುಂಬ ಹೊಗೆ ತುಂಬಿದೆ ಎಂದುಕೊಳ್ಳಿ. ಒಲೆಯಲ್ಲಿ ಹಸಿ ಸೌದೆ ಉರಿಯುತ್ತಿದೆ. ಬೀಸಣಿಗೆ ಹಿಡಿದು ಬೀಸುತ್ತಾ ಕೂತರೆ ಹೊಗೆ ಹೋದೀತೇ? ವಿಟಮಿನ್ ಬಾಟಲಿ ಆ ಬೀಸಣಿಗೆ. ಮಾತ್ರೆ ಸೌದೆಯನ್ನು ಹೊರಗೆಳೆಯುತ್ತದೆ. ಸೂಪರ್ ಆಕ್ಸೈಡ್ ನೈಟ್ರಿಕ್ ಆಕ್ಸೈಡನ್ನು ಹಿಡಿಯುವ ವೇಗಕ್ಕೆ ವಿಟಮಿನ್ನಿನ ವೇಗ ಸಾಟಿಯಲ್ಲ. ಕ್ಯಾಪ್ಸೂಲ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಬೇಕಾದ ಜಾಗಕ್ಕೆ ಬೇಕಾದ ಪ್ರಮಾಣದಲ್ಲಿ ತಲುಪುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ವಿಟಮಿನ್ ಇ ಕೊಬ್ಬಿನಲ್ಲಿ ಕರಗುವಂಥದ್ದು, ಜೀವಕೋಶದ ನೀರಿನಂಶದಲ್ಲಿ ನಡೆಯುವ ಗಲಾಟೆಗೆ ಅದರ ಕೈ ಎಟುಕುವುದಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯ ಅತಿರೇಕವನ್ನೂ ತಡೆಯಬೇಕು. 'ಹಾಗಾದರೆ ಪ್ರಿಲ್, ಸಾರ್ಟನ್ ಮಾತ್ರ ನಿಜವಾದ ಔಷಧ, ನನ್ನ ಅಮ್ಲೋಡಿಪಿನ್ ಬದಲಿಸಿಕೊಡಿ' ಎಂದು ಯಾರೂ ಡಾಕ್ಟರರ ಬಳಿ ಜಗಳಕ್ಕೆ ಹೋಗಬೇಡಿ. 2002ರಲ್ಲೇ ಪ್ರಕಟವಾದ 'ಆಲ್‌ಹ್ಯಾಟ್' ಎಂಬ ಅಧ್ಯಯನದಲ್ಲಿ 55 ದಾಟಿದ, ಬಿಪಿ ಇದ್ದ 33,357 ಜನರಿಗೆ ಮೂರು ಬೇರೆ ಬೇರೆ ಜಾತಿಯ ಮಾತ್ರೆಗಳನ್ನು ಹಂಚಿ ಹೋಲಿಸಿದರು: ಕ್ಲೋರ್ಥಾಲಿಡೋನ್ ಎಂಬ ಹಳೆಯ ನೀರಿನ ಮಾತ್ರೆ, ಅಮ್ಲೋಡಿಪಿನ್, ಲಿಸಿನೋಪ್ರಿಲ್. ಹೃದಯಾಘಾತ ತಡೆಯುವುದರಲ್ಲಿ ಮೂರೂ ಸಮಸಮ. ಆಕ್ಸಿಡೇಟಿವ್ ಸ್ಟ್ರೆಸ್ ವಿಷಯದಲ್ಲಿ ಯಾರೂ ಹೊಗಳದ, ಅತಿ ಅಗ್ಗದ ನೀರಿನ ಮಾತ್ರೆ ಯಾರಿಗೂ ಹಿಂದೆ ಬೀಳಲಿಲ್ಲ. ಇದರಿಂದ ನಮಗೆ ಕಾಣುವುದು ಇಷ್ಟು: ಒತ್ತಡ ಇಳಿಯುವುದೇ ಮೊದಲ ಕೆಲಸ. ಒತ್ತಡ ಇಳಿದರೆ ಗಾಣದ ಸುತ್ತು ನಿಧಾನವಾಗುತ್ತದೆ, ಯಾವ ದಾರಿಯಿಂದ ಇಳಿಸಿದರೂ ಸರಿ. ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಪೆಟ್ಟು ಬಿದ್ದವರಿಗೆ, ಹೃದಯ ದುರ್ಬಲವಾದವರಿಗೆ ಪ್ರಿಲ್ ಅಥವಾ ಸಾರ್ಟನ್ ಆರಿಸಲು ಬೇರೆ ಕಾರಣಗಳಿವೆ. ಆ ಆಯ್ಕೆ ಡಾಕ್ಟರರದು.

ಎರಡನ್ನೂ ಸೇರಿಸಿ ನುಂಗಿದರೆ ಎರಡರಷ್ಟು ಲಾಭವೆಂಬ ಲೆಕ್ಕವೂ ಸುಳ್ಳಾಗಿದೆ. ಡಾ. ಯೂಸುಫ್ ಅವರ ತಂಡವೇ 25,620 ಜನರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಷ್ಟೇ ಒಳ್ಳೆಯದೆಂದು ಕಂಡಿತು. ಎರಡನ್ನೂ ಒಟ್ಟಿಗೆ ಕೊಟ್ಟವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ, ತಲೆಸುತ್ತು ಮತ್ತು ಕಿಡ್ನಿ ತೊಂದರೆ ಮಾತ್ರ ಹೆಚ್ಚಾಯಿತು. ಒಬ್ಬ ಡಾಕ್ಟರು ಪ್ರಿಲ್ ಬರೆದಿದ್ದು, ಇನ್ನೊಬ್ಬರ ಬಳಿ ಹೋದಾಗ ಹಳೆಯ ಚೀಟಿ ತೋರಿಸದೆ ಸಾರ್ಟನ್ ಬರೆಸಿಕೊಂಡು ಎರಡನ್ನೂ ನುಂಗುವುದು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಮಾತ್ರೆಯ ಡಬ್ಬಿಯನ್ನು ಮನೆಯ ಕಿರಿಯರು ಒಮ್ಮೆ ಸೋಸಿ ನೋಡುವುದು ಒಳ್ಳೆಯದು.

ಕರಿಜೀರಿಗೆ, ಹಣ್ಣು, ಉಪ್ಪು

ಕರಿಜೀರಿಗೆ ಅಂದರೆ ಕಲೌಂಜಿಯ ವಿಷಯ ಎತ್ತದೆ ಈ ಲೇಖನ ಮುಗಿಸಿದರೆ ಓದುಗರು ಬಿಡುವುದಿಲ್ಲ. ಸುನ್ನತ್ ಎಂಬ ಪ್ರೀತಿಯಿಂದ ಅದನ್ನು ಬಳಸುವವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಕರಿಜೀರಿಗೆ ಕೊಟ್ಟ ಕೆಲವು ಚಿಕ್ಕ ಅಧ್ಯಯನಗಳಲ್ಲಿ ಬಿಪಿಯ ಮೇಲಿನ ಸಂಖ್ಯೆ ಅಲ್ಪಸ್ವಲ್ಪ ಇಳಿದದ್ದೂ ಇದೆ. ಆದರೆ 170 ಇರುವವರಿಗೆ ಮೂರೋ ನಾಲ್ಕೋ ಅಂಕ ಇಳಿದರೆ ಏನಾಯಿತು? ಸಾರಿನಲ್ಲಿ, ರೊಟ್ಟಿಯಲ್ಲಿ, ಜೇನಿನ ಜೊತೆ ಒಂದು ಚಿಟಿಕೆ ತಿನ್ನುವುದಕ್ಕೆ ಅಡ್ಡಿಯಿಲ್ಲ. ಮಾತ್ರೆಯ ಜಾಗದಲ್ಲಿ ಅದನ್ನು ಕೂರಿಸಬೇಡಿ. ಚಿಕಿತ್ಸೆ ಪಡೆಯುವುದೂ ಸುನ್ನತ್ತೇ ಎಂದು ಖತೀಬರು ಮಿಂಬರ್‌ನಿಂದ ಎಷ್ಟೋ ಸಲ ಹೇಳಿದ್ದಾರೆ. ಕರಿಜೀರಿಗೆ ಎಣ್ಣೆಯ ಕ್ಯಾಪ್ಸೂಲ್ ದಿನಾ ತೆಗೆದುಕೊಳ್ಳುವವರು ಅದನ್ನು ಡಾಕ್ಟರರಿಗೆ ಹೇಳಬೇಕು. ಬಿಪಿ, ಸಕ್ಕರೆ ಎರಡರ ಮೇಲೂ ಅದರ ಪ್ರಭಾವ ಇರಬಹುದಾದ್ದರಿಂದ ಮಾತ್ರೆಯ ಪ್ರಮಾಣ ನೋಡಿಕೊಳ್ಳಬೇಕಾಗುತ್ತದೆ.

ಬಾಟಲಿಯ ಆಂಟಿ ಆಕ್ಸಿಡೆಂಟ್ ಸೋತಿತೆಂದ ಮಾತ್ರಕ್ಕೆ ಹಣ್ಣು ಸೊಪ್ಪು ಸೋತವೆಂದು ಅರ್ಥವಲ್ಲ. ಅಮೆರಿಕದಲ್ಲಿ ನಡೆದು 1997ರಲ್ಲಿ ಪ್ರಕಟವಾದ 'ಡ್ಯಾಶ್' ಅಧ್ಯಯನದಲ್ಲಿ ಹಣ್ಣು, ತರಕಾರಿ, ಕೊಬ್ಬು ಕಡಿಮೆ ಇರುವ ಹಾಲು ಮೊಸರು ಹೆಚ್ಚಿಸಿದ ಊಟದಿಂದ ಬಿಪಿ ಇದ್ದವರ ಮೇಲಿನ ಸಂಖ್ಯೆ ಸರಾಸರಿ 11 ಅಂಕ ಇಳಿಯಿತು. ಒಂದು ಮಾತ್ರೆಯ ಕೆಲಸಕ್ಕೆ ಹತ್ತಿರದ ಲೆಕ್ಕ. ಬಸಳೆ, ಹರಿವೆ, ಬೀಟ್‌ರೂಟ್, ಪೇರಳೆ, ಬಾಳೆಹಣ್ಣು ನಮಗೆ ಸುಲಭಕ್ಕೆ ಸಿಗುವ ವಸ್ತುಗಳು. ಸೊಪ್ಪು ಮತ್ತು ಬೀಟ್‌ರೂಟಿನಲ್ಲಿರುವ ನೈಟ್ರೇಟ್ ಶರೀರದೊಳಗೆ ನೈಟ್ರಿಕ್ ಆಕ್ಸೈಡ್ ಆಗಿ ಮಾರ್ಪಡುತ್ತದೆ, ಮೇಲೆ ಹೇಳಿದ ಅದೇ ಸಂದೇಶವಾಹಕ. ಗಲ್ಫಿನ ಬಾಟಲಿಗೆ ಸುರಿಯುವ ದುಡ್ಡು ಸಂತೆಯ ಸೊಪ್ಪಿನವಳಿಗೆ ಸೇರಲಿ.

ಉಪ್ಪನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಸುಮಾರು ಒಂದು ಟೀ ಚಮಚ. ಅದರಲ್ಲಿ ಗಂಜಿಯ ಜೊತೆಯ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಬೇಕರಿಯ ಖಾರ ಬಿಸ್ಕತ್ತು ಎಲ್ಲವೂ ಸೇರಿತು. ಹಿರಿಯರ ಬಿಪಿ ಉಪ್ಪಿಗೆ ಹೆಚ್ಚು ಸ್ಪಂದಿಸುತ್ತದೆ. ಹಾಗೆಂದು ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ಪ್ರಿಲ್, ಸಾರ್ಟನ್ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಕಿಡ್ನಿ ದುರ್ಬಲವಾದವರಲ್ಲಿ, ರಕ್ತದ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಎಂಬತ್ತಾದ ಮೇಲೆ ಮಾತ್ರೆ ಏಕೆ?

"ಎಂಬತ್ತಾಯಿತು ಮಗಾ, ಇನ್ನೆಷ್ಟು ದಿನ? ಸಾಕು ಈ ಮಾತ್ರೆ" ಎನ್ನುವ ಉಮ್ಮಂದಿರು, ಬಾಪಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ವೈದ್ಯರಲ್ಲೂ ಒಂದು ಕಾಲಕ್ಕೆ ಈ ಅನುಮಾನವಿತ್ತು. 80 ದಾಟಿದ 3,845 ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ 'ಹೈವೆಟ್' ಅಧ್ಯಯನ ಅದಕ್ಕೆ ಉತ್ತರ ಕೊಟ್ಟಿತು. ಇಂಡಪಮೈಡ್, ಬೇಕಾದವರಿಗೆ ಅದರ ಜೊತೆ ಪೆರಿಂಡೋಪ್ರಿಲ್. ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಸುಮಾರು ಶೇಕಡಾ 21ರಷ್ಟು ಕಡಿಮೆ, ಹೃದಯ ಸೋಲುವುದು ಶೇಕಡಾ 64ರಷ್ಟು ಕಡಿಮೆ. ಅದನ್ನೂ ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ. ಉಳಿದ ದಿನಗಳನ್ನು ಹಾಸಿಗೆಯಲ್ಲಿ ಇನ್ನೊಬ್ಬರ ಕೈ ಕಾಯುತ್ತಾ ಕಳೆಯಬೇಕೇ, ತಾನೇ ಎದ್ದು ವುಝೂ ಮಾಡಿಕೊಳ್ಳುವಂತಿರಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಆದರೆ ಹಿರಿಯರ ವಿಷಯದಲ್ಲಿ ಮಾತ್ರೆಯನ್ನು ಕಣ್ಣುಮುಚ್ಚಿ ಏರಿಸುವುದೂ ಸಲ್ಲ. ಕೂತಲ್ಲಿಂದ ಏಳುವಾಗ ಬಿಪಿ ಸರ್ರನೆ ಇಳಿದು ಕಣ್ಣು ಕತ್ತಲೆ ಬರುವುದು ಅವರಲ್ಲಿ ಸಾಮಾನ್ಯ. ಸುಜೂದ್‌ನಿಂದ ಎದ್ದು ನಿಲ್ಲುವಾಗ ತೂರಾಡುವ ಹಿರಿಯರನ್ನು ಸಫ್‌ನಲ್ಲಿ ನೋಡಿರುತ್ತೀರಿ. ಬಿದ್ದು ಸೊಂಟದ ಮೂಳೆ ಮುರಿದರೆ ಅದು ಪಾರ್ಶ್ವವಾಯುವಿಗಿಂತ ಸಣ್ಣ ಸಂಕಟವಲ್ಲ. ಇಂಥವರು ಮಾತ್ರೆ ಬಿಡಬೇಕಾಗಿಲ್ಲ. ಕೂತಾಗ ಒಮ್ಮೆ, ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡುವಂತೆ ಡಾಕ್ಟರರಿಗೆ ಹೇಳಬೇಕು. ಪ್ರಮಾಣ ತಗ್ಗಿಸುವುದೋ ಮಾತ್ರೆ ಬದಲಿಸುವುದೋ ಅವರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಕುರ್ಚಿಯ ಮೇಲೆ ಕೂತು ನಮಾಝ್ ಮಾಡಲು ಸಂಕೋಚ ಬೇಡ.

ಮಾತ್ರೆ ಬಿಡಲು ಹಿರಿಯರು ಕೊಡುವ ಕಾರಣಗಳಲ್ಲಿ ಕೆಲವು ನ್ಯಾಯವಾದವು. ಪ್ರಿಲ್ ಮಾತ್ರೆಯಿಂದ ಕೆಲವರಿಗೆ ಒಣ ಕೆಮ್ಮು ಬರುತ್ತದೆ, ರಾತ್ರಿಯೆಲ್ಲ ಮನೆಯವರಿಗೆ ನಿದ್ದೆಯಿಲ್ಲ. ಅಮ್ಲೋಡಿಪಿನ್‌ನಿಂದ ಪಾದ ಊದುತ್ತದೆ. ಇವೆರಡಕ್ಕೂ ಪರಿಹಾರವಿದೆ. ಕೆಮ್ಮಿನ ಔಷಧವನ್ನೂ ಊತದ ಔಷಧವನ್ನೂ ಬೇರೆಯಾಗಿ ಕುಡಿಯುವ ಬದಲು ಮಾತ್ರೆಯನ್ನೇ ಬದಲಿಸಿಕೊಡುವಂತೆ ಕೇಳಿ. ಆದರೆ 'ಬಿಪಿ ನಾರ್ಮಲ್ ಬಂತು, ಅದಕ್ಕೆ ಬಿಟ್ಟೆ' ಎಂಬ ಕಾರಣ ಮಾತ್ರ ಒಪ್ಪತಕ್ಕದ್ದಲ್ಲ. ನಾರ್ಮಲ್ ಬಂದದ್ದು ಮಾತ್ರೆಯಿಂದ. 'ಲಾಲ್' ಎಂದು ಮುಗಿಯುವ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು.

ಇನ್ನೊಂದು ಗುಪ್ತ ಶತ್ರು ಮಂಡಿನೋವಿನ ಮಾತ್ರೆ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದವನ್ನು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಅವು ಬಿಪಿಯನ್ನು ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತವೆ. ಪ್ರಿಲ್ ಅಥವಾ ಸಾರ್ಟನ್, ನೀರಿನ ಮಾತ್ರೆ, ನೋವಿನ ಮಾತ್ರೆ ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ವಾಂತಿ ಭೇದಿಯಾಗಿ ಶರೀರ ಒಣಗಿದ ದಿನಗಳಲ್ಲಂತೂ ಕೂಡಲೇ ಡಾಕ್ಟರರನ್ನು ವಿಚಾರಿಸಬೇಕು, ಆಗ ಕೆಲವು ಮಾತ್ರೆಗಳನ್ನು ಎರಡು ಮೂರು ದಿನ ನಿಲ್ಲಿಸಲು ಅವರೇ ಹೇಳಬಹುದು.

ರಮಝಾನ್ ತಿಂಗಳಿನ ಮಾತು. ದಿನಕ್ಕೊಮ್ಮೆಯ ಮಾತ್ರೆಯನ್ನು ಸಹರಿಯಲ್ಲೋ ಇಫ್ತಾರ್‌ನಲ್ಲೋ ತೆಗೆದುಕೊಳ್ಳಲು ಸಾಧ್ಯವಾದ್ದರಿಂದ ಬಿಪಿ ಹತೋಟಿಯಲ್ಲಿರುವ ಹೆಚ್ಚಿನವರು ಉಪವಾಸ ಹಿಡಿಯಬಲ್ಲರು. ದಿನಕ್ಕೆ ಎರಡು ಮೂರು ಬಾರಿ ಮಾತ್ರೆ ಇರುವವರು, ನೀರಿನ ಮಾತ್ರೆ ಇರುವವರು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವವರು ಒಂದು ತಿಂಗಳು ಮೊದಲೇ ಡಾಕ್ಟರರನ್ನು ಕಂಡು ಸಮಯ, ಪ್ರಮಾಣ ಬದಲಿಸಿಕೊಳ್ಳಬೇಕು. ಬೇಡವೆಂದು ವೈದ್ಯರು ಹೇಳಿದರೆ ರೋಗಿಗೆ ಶರೀಅತ್ತು ಕೊಟ್ಟಿರುವ ರಿಯಾಯಿತಿಯನ್ನು ಬಳಸಿಕೊಳ್ಳಿ, ಫಿದ್ಯಾ ಇತ್ಯಾದಿ ವಿಷಯ ನಿಮ್ಮ ಊರಿನ ಆಲಿಮರಲ್ಲಿ ಕೇಳಿ. ಇಫ್ತಾರ್ ಮೇಜಿನ ಸಮೋಸ, ಉಪ್ಪಿನಕಾಯಿ, ಖಾರದ ತಿಂಡಿಯ ಉಪ್ಪು ಒಂದು ತಿಂಗಳ ಸಾಧನೆಯನ್ನು ಒಂದೇ ಸಂಜೆ ಕೆಡಿಸಬಲ್ಲದು.

ಮನೆಯಲ್ಲಿ ಬಿಪಿ ಯಂತ್ರ ಇಟ್ಟುಕೊಂಡವರಿಗೆ: ಅರ್ಧ ಗಂಟೆ ಮೊದಲು ಚಹಾ, ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕೂತಿರಿ. ಕೈ ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ. ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಬೇಡಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ, ಎರಡನ್ನೂ ಬರೆದಿಡಿ. ಮನೆಯಲ್ಲಿ ನೋಡಿದಾಗ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಹತೋಟಿ ಸಾಲದು. ಯಂತ್ರವಿಲ್ಲದವರು ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬಹುದು, ಅಲ್ಲಿ ಬಿಪಿ ನೋಡುವುದೂ ಸಾಮಾನ್ಯ ಬಿಪಿ ಮಾತ್ರೆಗಳೂ ಉಚಿತ. ಹೊರಗೆ ಕೊಳ್ಳುವವರಿಗೆ ಜನೌಷಧಿ ಅಂಗಡಿಯಲ್ಲಿ ಅದೇ ಅಮ್ಲೋಡಿಪಿನ್, ಅದೇ ಟೆಲ್ಮಿಸಾರ್ಟನ್ ಕಡಿಮೆ ಬೆಲೆಗೆ ಸಿಗುತ್ತದೆ.

ಮುಂದಿನ ಸಲ ಡಾಕ್ಟರರ ಬಳಿ ಹೋಗುವಾಗ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ: ಬಿಪಿ ಮಾತ್ರೆಯ ಪಟ್ಟಿ, ಮಂಡಿನೋವಿನ ಮಾತ್ರೆ, ಕಲೌಂಜಿ ಎಣ್ಣೆ, ಗಲ್ಫಿನ ಬಾಟಲಿ, ಬಿಪಿ ಬರೆದಿಟ್ಟ ಚೀಟಿ. ಹೋಗುವ ದಿನ ಬೆಳಗ್ಗಿನ ಬಿಪಿ ಮಾತ್ರೆಯನ್ನು ತಪ್ಪಿಸಬೇಡಿ. ಬಿಪಿ ಎಷ್ಟಿದೆ ಎಂದು ನಿಜ ತಿಳಿಯಲೆಂದು ಮಾತ್ರೆ ಬಿಟ್ಟು ಬರುವವರಿದ್ದಾರೆ. ಡಾಕ್ಟರರಿಗೆ ಬೇಕಾದ್ದು ಮಾತ್ರೆ ತೆಗೆದುಕೊಂಡಾಗಿನ ಸಂಖ್ಯೆ.